ಶಿವಮೊಗ್ಗದ ಹೊರಬಡಾವಣೆಯಲ್ಲಿ ಒಳ್ಳೆಯ ಹೋಟೆಲ್ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪೇಟೆಯ ಮೀನಾಕ್ಷಿ ಭವನಕ್ಕೆ ಹೋಗಲು ಯಾರಿಗೂ ಮಾರ್ಗದರ್ಶಿ ಬೇಡ. ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ತಾಪತ್ರಯವೆಲ್ಲ ನವುಲೆ, ಆಲ್ಕೊಳ, ಗೋಪಾಳ, ಮಲವಗೊಪ್ಪ, ಅಬ್ಬಲಗೆರೆ ಕಡೆ ಮನೆ ಮಾಡಿಕೊಂಡವರಿಗೆ. ಅಲ್ಲಿ ಹೋಟೆಲ್ ಇಲ್ಲವೆಂದಲ್ಲ. ಇರುವುದು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬಿದ್ದದ್ದು ನಾಲಿಗೆಗೆ ಹಿಡಿಸುವುದಿಲ್ಲ.

ಹುಡುಕುವ ಮೊದಲು ಒಂದು ವಿಷಯ ತಿಳಿದಿರಲಿ. ಹೊರವಲಯದ ಹೋಟೆಲ್ ಬೆಳಗಿನಿಂದ ರಾತ್ರಿವರೆಗೂ ಒಂದೇ ಸಮ ಚೆನ್ನಾಗಿರುವುದಿಲ್ಲ. ಪೇಟೆಯಲ್ಲಿ ಚಟ್ನಿ ಖಾಲಿಯಾದ ಹಾಗೆಲ್ಲ ಮತ್ತೆ ರುಬ್ಬುತ್ತಾರೆ. ಇಲ್ಲಿ ಬೆಳಿಗ್ಗೆ ಆರಕ್ಕೆ ರುಬ್ಬಿದ್ದೇ ಹನ್ನೊಂದರವರೆಗೂ ಓಡಬೇಕು. ಹಾಗಾಗಿ ಒಂದೇ ಹೋಟೆಲ್ ಏಳೂವರೆಗೆ ಅಮೃತ, ಹನ್ನೊಂದಕ್ಕೆ ನೀರು. ನೀವು ಹುಡುಕಬೇಕಾದದ್ದು ಹೋಟೆಲನ್ನಲ್ಲ. ಯಾವ ಹೋಟೆಲ್, ಯಾವ ಹೊತ್ತಿಗೆ, ಯಾವ ಪದಾರ್ಥ ಎಂಬ ಮೂರೂ ಕೂಡಿದ ಉತ್ತರವನ್ನು.

1. ರಸ್ತೆ ನೋಡಿ ಊಟ ಊಹಿಸಿ

ಮನೆಯಿಂದ ಐದು ಕಿಲೋಮೀಟರ್ ದೂರದೊಳಗೆ ಹುಡುಕಿದರೆ ಸಾಕು. ಅದಕ್ಕಿಂತ ದೂರದ್ದು ವಾರದ ರಜೆಗೆ. ಈ ದೂರದೊಳಗೆ ಯಾವ ರಸ್ತೆ ಬರುತ್ತದೆ ಎಂಬುದರ ಮೇಲೆ ಏನು ಚೆನ್ನಾಗಿ ಸಿಗಬಹುದೆಂದು ಮುಕ್ಕಾಲು ಪಾಲು ಹೇಳಬಹುದು. ಹೋಟೆಲ್ ನಡೆಯುವುದು ಆ ರಸ್ತೆಯಲ್ಲಿ ಓಡಾಡುವವರ ನಾಲಿಗೆಯ ಮೇಲೆ.

ಹೊನ್ನಾಳಿ ರಸ್ತೆಯಲ್ಲಿ ಬಯಲುಸೀಮೆಯ ಗಾಳಿ: ಖಾನಾವಳಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಸಂಜೆಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟುತ್ತಿದ್ದಂತೆ ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು; ಜೊತೆಗೆ ಘಟ್ಟದ ಕೆಳಗಿನಿಂದ ಹತ್ತಿ ಬಂದ ನೀರುದೋಸೆ, ಬನ್ಸ್, ಮೀನು. ಸಾಗರ ರಸ್ತೆಯಲ್ಲಿ ಮುಂದೆ ಹೋದಷ್ಟೂ ಹವ್ಯಕರ ಕೈರುಚಿ: ತಂಬುಳಿ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ. ಸವಳಂಗ ರಸ್ತೆಯ ನವುಲೆಯಲ್ಲಿ ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಇರುವುದರಿಂದ ಮೆಸ್ಸು ಮತ್ತು ಗಾಡಿಗಳು ಜಾಸ್ತಿ. ಭದ್ರಾವತಿ ರಸ್ತೆಯಲ್ಲಿ ಶಿಮುಲ್ ಡೇರಿ, ಕೈಗಾರಿಕಾ ಪ್ರದೇಶ ಇರುವ ಮಾಚೇನಹಳ್ಳಿ ಸುತ್ತ ಪಾಳಿ ಕೆಲಸದವರ ಊಟ: ರೈಸ್ ಬಾತ್, ಪರೋಟಾ, ಬಿರಿಯಾನಿ. ಹೊನ್ನಾಳಿ ರಸ್ತೆಯ ಖಾನಾವಳಿಯಲ್ಲಿ ಕಡುಬು ಕೇಳಿ, ಸಿಕ್ಕದ್ದು ಸರಿ ಇಲ್ಲವೆಂದು ದೂರಿದರೆ ತಪ್ಪು ಹೋಟೆಲಿನದ್ದಲ್ಲ.

2. ಬೋರ್ಡನ್ನು ಓದುವುದು

ಬೋರ್ಡಿನ ಮೇಲಿನ ಪದಕ್ಕೆ ಇಲ್ಲಿ ನಿಘಂಟಿನ ಅರ್ಥವೇ ಬೇರೆ, ಬಳಕೆಯ ಅರ್ಥವೇ ಬೇರೆ. ‘ಫ್ಯಾಮಿಲಿ ರೆಸ್ಟೋರೆಂಟ್’ ಎಂದರೆ ಬಹಳ ಸಲ ಕೆಳಗೆ ಬಾರ್, ಮೇಲೆ ಅಥವಾ ಪಕ್ಕದಲ್ಲಿ ಪರದೆ ಕಟ್ಟಿದ ಕೋಣೆ. ಊಟ ಕೆಟ್ಟದಾಗಿರಬೇಕೆಂದಿಲ್ಲ, ಆದರೆ ಅಲ್ಲಿನ ಅಡುಗೆಯವನ ಕೈ ಪಳಗಿರುವುದು ಚಿಕನ್ ಫ್ರೈ, ಪೆಪ್ಪರ್ ಡ್ರೈಗೆ. ಅನ್ನ ಸಾರು ಕೇಳಿದರೆ ಅವನಿಗೂ ಬೇಜಾರು. ‘ಉಡುಪಿ’ ಎಂದಿದ್ದರೆ ಸಸ್ಯಾಹಾರಿ ಎಂಬುದಷ್ಟೇ ಖಾತ್ರಿ. ಅಡುಗೆಯವರು ಯಾವ ಊರಿನವರಾದರೂ ಇರಬಹುದು. ‘ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್’ ಮೂರನ್ನೂ ಬರೆದುಕೊಂಡ ಹತ್ತು ಕುರ್ಚಿಯ ಜಾಗದಲ್ಲಿ ಫ್ರಿಡ್ಜ್ ದೊಡ್ಡದಿರುತ್ತದೆ, ಒಲೆ ಚಿಕ್ಕದಿರುತ್ತದೆ. ಕುರ್ಚಿ ಹತ್ತು, ಪದಾರ್ಥ ನೂರು ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ನಂಬಬಹುದಾದದ್ದು ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆ. ಅದರಲ್ಲೂ ಒರೆಸಿ ಮತ್ತೆ ಬರೆದ ಗುರುತು ಇದ್ದರೆ ಇನ್ನೂ ಒಳ್ಳೆಯದು. ಖಾಲಿಯಾದದ್ದನ್ನು ಒರೆಸುವ ಹೋಟೆಲ್ ನಿನ್ನೆಯದನ್ನು ಬಡಿಸುವ ಸಂಭವ ಕಡಿಮೆ.

3. ಮ್ಯಾಪ್‌ನಲ್ಲಿ ಹುಡುಕುವಾಗ

ಗೂಗಲ್ ಮ್ಯಾಪ್‌ನಲ್ಲಿ ಒಂದೇ ಪದ ಹಾಕಿ ಬಿಡಬೇಡಿ. ‘ರೆಸ್ಟೋರೆಂಟ್’ ಎಂದರೆ ಒಂದು ಪಟ್ಟಿ, ‘ಹೋಟೆಲ್’ ಎಂದರೆ ಲಾಡ್ಜುಗಳೂ ಸೇರಿದ ಇನ್ನೊಂದು ಪಟ್ಟಿ. ಇವೆರಡರ ಜೊತೆ ‘ಟಿಫಿನ್’, ‘ಮೆಸ್’, ‘ಖಾನಾವಳಿ’, ‘ಕ್ಯಾಂಟೀನ್’, ‘ತಿಂಡಿ’ ಎಂದು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದೊಂದು ಸಲ ಹಾಕಿ ನೋಡಿ. ಚಿಕ್ಕ ಹೋಟೆಲ್ ಮಾಲೀಕರು ಮಗನ ಕೈಯಲ್ಲೋ ಗಿರಾಕಿಯ ಕೈಯಲ್ಲೋ ಹೆಸರು ಸೇರಿಸಿರುತ್ತಾರೆ. ಸೇರಿಸಿದವರು ಯಾವ ಪದ ಬಳಸಿದರೋ ಆ ಪದಕ್ಕೇ ಅದು ಸಿಗುತ್ತದೆ.

ಆಮೇಲೆ ವಿಮರ್ಶೆಗಳನ್ನು ‘ಹೊಸದು ಮೊದಲು’ ಎಂದು ಜೋಡಿಸಿಕೊಳ್ಳಿ. ಹೊರವಲಯದಲ್ಲಿ ಅಡುಗೆಯವರು ಬದಲಾದರೆ ಹೋಟೆಲೇ ಬದಲಾದಂತೆ. ಎರಡು ವರ್ಷದ ಹಿಂದಿನ ಹೊಗಳಿಕೆ ಹಿಂದಿನ ಭಟ್ಟರಿಗೆ ಸೇರಿದ್ದು. ಐದು ನಕ್ಷತ್ರದ ‘ಸೂಪರ್’, ಒಂದು ನಕ್ಷತ್ರದ ‘ವೇಸ್ಟ್’ ಎರಡನ್ನೂ ಬಿಟ್ಟು ಮೂರು ನಕ್ಷತ್ರದವನ್ನು ಓದಿ. ‘ಇಡ್ಲಿ ಚೆನ್ನಾಗಿದೆ, ಸಾಂಬಾರ್ ಸಿಹಿ, ಭಾನುವಾರ ಕಾಯಬೇಕು’ ಎಂದು ಬರೆಯುವವನು ನಿಜವಾಗಿ ತಿಂದವನು.

ಫೋಟೊಗಳಲ್ಲಿ ಊಟದ ಚಿತ್ರಕ್ಕಿಂತ ಬೆಲೆಪಟ್ಟಿ, ಬಿಲ್, ಗೋಡೆಯ ಚಿತ್ರ ಮುಖ್ಯ. ಸಮಯ, ರಜೆಯ ದಿನ, ಫೋನ್ ನಂಬರ್ ಅಲ್ಲೇ ಸಿಗುತ್ತವೆ. ಮ್ಯಾಪ್ ತೋರಿಸುವ ‘ತೆರೆದಿದೆ’ ಎಂಬುದನ್ನು ಮಾತ್ರ ನಂಬಿ ಗಾಡಿ ಹೊರಡಿಸಬೇಡಿ. ಮಾಲೀಕರ ಮನೆಯಲ್ಲಿ ಮದುವೆ ಇದ್ದರೆ ಮ್ಯಾಪಿಗೆ ಗೊತ್ತಿರುವುದಿಲ್ಲ. ಒಂದು ಫೋನ್ ಮಾಡಿ, ‘ಇವತ್ತು ಎಷ್ಟು ಗಂಟೆವರೆಗೆ ಇರ್ತದೆ?’ ಎಂದು ಕೇಳಿ. ‘ಇದೆಯಾ?’ ಎಂದರೆ ‘ಬನ್ನಿ ಬನ್ನಿ’ ಎನ್ನುತ್ತಾರೆ, ನೀವು ತಲುಪುವಷ್ಟರಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ.

4. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಈ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಇದೇ, ಹೆಚ್ಚಿನವರು ಕೆಡಿಸಿಕೊಳ್ಳುವುದೂ ಇಲ್ಲಿಯೇ.

ಆಟೋ ಸ್ಟ್ಯಾಂಡಿಗೆ ಹೋಗಿ ‘ಇಲ್ಲಿ ಒಳ್ಳೆ ಹೋಟೆಲ್ ಯಾವುದಿದೆ?’ ಎಂದು ಕೇಳಿದರೆ ಅವರು ನಿಮ್ಮ ಬಟ್ಟೆ, ಚಪ್ಪಲಿ ನೋಡುತ್ತಾರೆ. ನಿಮ್ಮ ಮರ್ಯಾದೆಗೆ ತಕ್ಕದ್ದು ಎಂದು ಎಸಿ ಇರುವ, ಪಾರ್ಕಿಂಗ್ ಇರುವ ಒಂದು ಜಾಗ ಹೇಳುತ್ತಾರೆ. ಅವರು ಒಂದು ದಿನವೂ ಅಲ್ಲಿ ತಿಂದಿರುವುದಿಲ್ಲ. ಅದರ ಬದಲು ಹೀಗೆ ಕೇಳಿ: ‘ಅಣ್ಣಾ, ನೀವು ಬೆಳಿಗ್ಗೆ ತಿಂಡಿ ಎಲ್ಲಿ ತಿಂತೀರಿ?’ ಉತ್ತರ ಬಂದ ಮೇಲೆ ಎರಡನೆಯ ಪ್ರಶ್ನೆ: ‘ಅಲ್ಲಿ ಎಂತ ಚೆನ್ನಾಗಿರ್ತದೆ?’ ಮೂರನೆಯದು: ‘ಎಷ್ಟು ಹೊತ್ತಿಗೆ ಹೋಗ್ಬೇಕು?’ ಈ ಮೂರೂ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಹೋಟೆಲ್ ಸಿಕ್ಕಿತು. ಎರಡನೆಯದಕ್ಕೆ ‘ಎಲ್ಲಾ ಚೆನ್ನಾಗಿರ್ತದೆ’ ಎಂದರೆ ಅದು ನೆಂಟರ ಹೋಟೆಲ್.

ಆಟೋದವರಿಗಿಂತ ಒಳ್ಳೆಯ ಸಾಕ್ಷಿಗಳಿದ್ದಾರೆ. ಮೆಸ್ಕಾಂ ಲೈನ್‌ಮ್ಯಾನ್, ಕೊರಿಯರ್ ಹುಡುಗರು, ಮೆಡಿಕಲ್ ರೆಪ್‌ಗಳು, ಖಾಸಗಿ ಬಸ್ಸಿನ ಕಂಡಕ್ಟರುಗಳು ದಿನವೂ ಹೊರಗೆ ತಿನ್ನುವವರು, ಹೊಟ್ಟೆ ಕೆಟ್ಟರೆ ಕೆಲಸ ಕೆಡುವವರು. ಗಾರೆ ಕೆಲಸದವರನ್ನು ಕೇಳಿದರೆ ಹೊಟ್ಟೆ ತುಂಬುವ ಜಾಗ ಹೇಳುತ್ತಾರೆ, ರುಚಿಯ ಖಾತ್ರಿ ಇಲ್ಲ. ಲಾಡ್ಜಿನ ಕೌಂಟರಿನವರು ತಮ್ಮ ಕೆಳಗಿನ ಹೋಟೆಲನ್ನೇ ಹೇಳುತ್ತಾರೆ. ಇಬ್ಬರು ಬೇರೆ ಬೇರೆ ಕಸುಬಿನವರು ಒಂದೇ ಹೆಸರು ಹೇಳುವವರೆಗೂ ಕೇಳುತ್ತಿರಿ.

5. ಹತ್ತು ನಿಮಿಷ ಹೊರಗೆ ನಿಲ್ಲಿ

ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ನೋಡಿದರೂ ಆದೀತು. ಗಮನಿಸಬೇಕಾದದ್ದು ಗಿರಾಕಿಗಳ ಸಂಖ್ಯೆಯನ್ನಲ್ಲ, ಅವರು ನಡೆದುಕೊಳ್ಳುವ ರೀತಿಯನ್ನು. ಮೆನು ನೋಡದೆ ಕೂತು, ಕೇಳದೆಯೇ ತಟ್ಟೆ ಬರುತ್ತಿದ್ದರೆ ಅವರು ದಿನದ ಗಿರಾಕಿಗಳು. ಸ್ಟೀಲ್ ಕ್ಯಾರಿಯರ್ ಹಿಡಿದು ಹೆಂಗಸರು, ಮಕ್ಕಳು ಪಾರ್ಸೆಲ್‌ಗೆ ಬರುತ್ತಿದ್ದರೆ ಅಕ್ಕಪಕ್ಕದ ಮನೆಗಳವರೂ ಒಪ್ಪಿದ ಹೋಟೆಲ್. ಕೈ ತೊಳೆಯುವ ಜಾಗ ಹೊರಗಿದ್ದರೆ ಅಲ್ಲಿ ಸೋಪು ಇದೆಯೇ, ಕೆಳಗೆ ನೀರು ನಿಂತಿದೆಯೇ ನೋಡಿ. ಒಳಗಿನ ಅಡುಗೆಮನೆ ಕಾಣದಿದ್ದರೂ ಆ ಒಂದು ಮೂಲೆಯಿಂದ ಊಹಿಸಬಹುದು.

ಪ್ರವಾಸಿ ಬಸ್ಸುಗಳು ಸಾಲಾಗಿ ನಿಂತಿರುವುದನ್ನು ನೋಡಿ ಮರುಳಾಗಬೇಡಿ. ಅವು ನಿಲ್ಲುವುದು ಬಸ್ಸು ತಿರುಗಿಸಲು ಜಾಗ ಇರುವ ಕಡೆ. ಇಂದು ತಿಂದವರು ನಾಳೆ ಅಲ್ಲಿ ಇರುವುದಿಲ್ಲವೆಂದು ಅಡುಗೆಯವರಿಗೂ ಗೊತ್ತು.

6. ಮೊದಲ ಆರ್ಡರ್: ಒಂದು ಇಡ್ಲಿ, ಒಂದು ಖಾಲಿ ದೋಸೆ, ಒಂದು ಕಾಫಿ

ಮೊದಲ ದಿನವೇ ಸ್ಪೆಷಲ್ ಕೇಳಬೇಡಿ. ಮಸಾಲೆ, ಬೆಣ್ಣೆ, ಚೀಸ್ ಎಲ್ಲವೂ ಹಿಟ್ಟಿನ ದೋಷ ಮುಚ್ಚುತ್ತವೆ. ಇಡ್ಲಿಗೆ ಮುಚ್ಚಿಕೊಳ್ಳಲು ಏನೂ ಇಲ್ಲ.

ಇಡ್ಲಿಯನ್ನು ಬೆರಳಲ್ಲಿ ಮುರಿಯಿರಿ. ಒಳಗೆ ಸಣ್ಣ ಸಣ್ಣ ರಂಧ್ರ ಕಾಣಬೇಕು, ಹಬೆ ಏಳಬೇಕು, ಮುರಿದ ಅಂಚು ಒರಟಾಗಿರಬೇಕು. ಕತ್ತರಿಸಿದಂತೆ ನುಣ್ಣಗಿದ್ದರೆ ಹಿಟ್ಟು ಹುದುಗಿಲ್ಲ. ತುಸು ಹಳದಿ ಬಣ್ಣ, ನಾಲಿಗೆಗೆ ಸಾಬೂನಿನಂಥ ಒಗರು ಬಂದರೆ ಸೋಡಾ ಜಾಸ್ತಿ. ಮೇಲೆ ಒಣಗಿ ಒಳಗೆ ಮಾತ್ರ ಬಿಸಿ ಇದ್ದರೆ ಹಳೆಯದನ್ನು ಮತ್ತೆ ಹಬೆಗಿಟ್ಟದ್ದು. ತಟ್ಟೆ ಇಡ್ಲಿಯಾದರೆ ಮಗುಚಿ ತಳ ನೋಡಿ: ಬಟ್ಟೆಯ ನೇಯ್ಗೆಯ ಅಚ್ಚು ಇದ್ದರೆ ಸರಿ, ಮಿರಮಿರ ಹೊಳಪಿನ ನಡುವೆ ಮಡಿಕೆಯ ಗೆರೆ ಕಂಡರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಂದದ್ದಿರಬಹುದು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದಕ್ಕೆ ರಾಜ್ಯ ಸರ್ಕಾರ 2025ರಲ್ಲಿ ತಡೆ ಹಾಕಿದೆ.

ಇನ್ನು ಮಳೆಗಾಲದ ಮಾತು. ಹಿಟ್ಟು ಚೆನ್ನಾಗಿ ಉಕ್ಕಲು ಸುಮಾರು 28ರಿಂದ 32 ಡಿಗ್ರಿ ಶಾಖ ಬೇಕು. ಆ ಶಾಖದಲ್ಲಿ 8–10 ಗಂಟೆ ಸಾಕಾಗುವ ಹಿಟ್ಟಿಗೆ ಜುಲೈ ತಿಂಗಳ ಮಲೆನಾಡಿನ ಥಂಡಿಯಲ್ಲಿ 14–16 ಗಂಟೆಯೂ ಹಿಡಿಯಬಹುದು. ಅನುಭವಸ್ಥರು ಮಧ್ಯಾಹ್ನವೇ ರುಬ್ಬಿ, ಹಳೆಯ ಹಿಟ್ಟು ಒಂದು ಸೌಟು ಹೆಪ್ಪು ಹಾಕಿ, ಪಾತ್ರೆಯನ್ನು ಒಲೆಯ ಪಕ್ಕ ಕಂಬಳಿ ಸುತ್ತಿ ಇಡುತ್ತಾರೆ. ಬೇಸಿಗೆಯ ಲೆಕ್ಕದಲ್ಲೇ ರಾತ್ರಿ ರುಬ್ಬಿದವರು ಬೆಳಿಗ್ಗೆ ಸೋಡಾ ಡಬ್ಬಿ ತೆಗೆಯುತ್ತಾರೆ. ಹಾಗಾಗಿ ಹೋಟೆಲಿನ ನಿಜವಾದ ಪರೀಕ್ಷೆ ಜುಲೈಯಲ್ಲಿ; ಮಾರ್ಚಿನಲ್ಲಿ ಎಲ್ಲರ ಇಡ್ಲಿಯೂ ಉಬ್ಬುತ್ತದೆ.

ದೋಸೆಗೆ ತವಾ ಕಾಣುವ ಕಡೆ ಕೂರಿ. ನೀರು ಚಿಮುಕಿಸಿದಾಗ ಹನಿಗಳು ಮುತ್ತಿನಂತೆ ಉರುಳಿ ಓಡಿದರೆ ತವಾ ಮಿತಿಮೀರಿ ಕಾದಿದೆ. ಹಿಟ್ಟು ಸೌಟಿಗೇ ಅಂಟಿ ಎದ್ದು ಬರುತ್ತದೆ. ಕೈ ಪಳಗಿದವರು ಚುಂಯ್ ಎಂದು ನೀರು ಆರುವವರೆಗೂ ಕಾದು, ಕಡ್ಡಿ ಪೊರಕೆಯಲ್ಲಿ ಒಂದು ಸಲ ಬಳಿದು, ಆಮೇಲೆ ಹಿಟ್ಟು ಹಾಕುತ್ತಾರೆ. ಗಲಾಟೆಯ ಹೊತ್ತಿನಲ್ಲೂ ಈ ಕ್ರಮ ತಪ್ಪಿಸದವರನ್ನು ಗುರುತಿಟ್ಟುಕೊಳ್ಳಿ.

ಚಟ್ನಿಯಲ್ಲಿ ಅಂಚಿಗೆ ನೀರು ಬಿಟ್ಟಿದ್ದರೆ ರುಬ್ಬಿ ಬಹಳ ಹೊತ್ತಾಗಿದೆ, ಇಲ್ಲವೇ ತೆಳ್ಳಗೆ ಮಾಡಲು ಮತ್ತೆ ನೀರು ಸುರಿದಿದ್ದಾರೆ. ಕಾಯಿ ತುಟ್ಟಿಯಾದಾಗ ಹುರಿಗಡಲೆ ಜಾಸ್ತಿಯಾಗುವುದು ಸಹಜ, ಅದನ್ನು ದೊಡ್ಡ ಅಪರಾಧ ಮಾಡಬೇಡಿ. ಹುಳಿ ವಾಸನೆ ಬಂದರೆ ಮಾತ್ರ ಬಿಟ್ಟು ಏಳಿ. ಕಾಫಿ ವಿಚಾರ ಇಷ್ಟೇ: ಡಿಕಾಕ್ಷನ್ ಒಲೆಯ ಮೇಲೆ ಕುದಿಯುತ್ತಿದ್ದರೆ ಟೀ ಹೇಳಿ.

7. ರೊಟ್ಟಿ, ಕಡುಬು, ಪತ್ರೊಡೆ, ಕಳಲೆ ಬೇಕಿದ್ದರೆ

ಇವು ಬೋರ್ಡ್ ನೋಡಿ ಒಳಗೆ ಹೋಗಿ ಕೇಳುವಂಥವಲ್ಲ. ಹಿಂದಿನ ದಿನವೇ ಫೋನ್ ಮಾಡಿ, ಎಷ್ಟು ಜನ ಎಂದು ಹೇಳಬೇಕು. ಕಡುಬಿಗೆ ಅಕ್ಕಿ ತರಿ ಒಡೆಸಿ ಇಟ್ಟುಕೊಳ್ಳಬೇಕು, ತರಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೆ ಬೇಯಿಸಬೇಕು. ನಿಮ್ಮನ್ನು ಕಾಯಿಸದೆ ತಕ್ಷಣ ತಂದಿಟ್ಟ ಕಡುಬು ಬೆಳಗಿನದು. ಒತ್ತಿದರೆ ರಬ್ಬರಿನಂತೆ ಹಿಂದಕ್ಕೆ ಬರುತ್ತದೆ.

ಅಕ್ಕಿ ರೊಟ್ಟಿಯಲ್ಲಿ ಎರಡು ಜಾತಿ. ಈರುಳ್ಳಿ, ಸಬ್ಬಸಿಗೆ ಹಾಕಿ ತಟ್ಟಿದ್ದು ಒಂದು. ಮಲೆನಾಡಿನ ಮನೆಗಳದ್ದು ಇನ್ನೊಂದು: ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸಿ, ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಿದ್ದು. ‘ಅಕ್ಕಾ, ಉಕ್ಕರಿಸಿದ ರೊಟ್ಟಿಯಾ?’ ಎಂದು ಒಂದು ಮಾತು ಕೇಳಿದರೆ ನಿಮಗೆ ಗೊತ್ತಿದೆಯೆಂದು ಅವರಿಗೂ ಗೊತ್ತಾಗುತ್ತದೆ. ನಾಲ್ಕು ಮಡಿಕೆ ಮಡಿಸಿದರೂ ಸೀಳಬಾರದು. ಸೀಳಿದರೆ ನೀರು ಸಾಲದೆ ಹಿಟ್ಟು ಹಸಿ ಉಳಿದಿದೆ, ಇಲ್ಲವೇ ನಾದಿದ್ದು ಸಾಲದು.

ಕೆಸುವಿನ ಎಲೆಯ ಪತ್ರೊಡೆ ಮತ್ತು ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಮಳೆಗಾಲದವು. ಕೆಸುವಿನ ಎಲೆ ಗಂಟಲು ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಹುಣಸೆಹುಳಿ ಧಾರಾಳ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ಇಲ್ಲ. ಮೊದಲ ತುತ್ತಿಗೆ ನಾಲಿಗೆ ಚುಳುಚುಳು ಎಂದರೆ ಎರಡನೆಯದಕ್ಕೆ ಹೋಗಬೇಡಿ. ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತು ಇರುತ್ತದೆ. ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಬೇಯಿಸಿ ಬಳಸುವ ಪದ್ಧತಿ ಬಂದದ್ದು ಸುಮ್ಮನೆ ಅಲ್ಲ. ಕಹಿ ಉಳಿದ ಕಳಲೆಯನ್ನು ‘ಅದರ ರುಚಿಯೇ ಹಾಗೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ತಟ್ಟೆ ದೂರ ಸರಿಸಿ.

8. ಕೋಳಿ ಮತ್ತು ಮೀನು

‘ನಾಟಿ ಕೋಳಿ’ ಎಂಬ ಬೋರ್ಡಿನಡಿ ಗಿರಿರಾಜ ಕೋಳಿ ಬಡಿಸುವುದುಂಟು. ಗಿರಿರಾಜ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ತಳಿ. ಕೆಟ್ಟದ್ದೇನಲ್ಲ, ಆದರೆ ನಾಟಿಯ ಬೆಲೆ ಕೊಡಬೇಕಿಲ್ಲ. ನಾಟಿ ಕೋಳಿಯ ಮೂಳೆ ಸಣ್ಣದು, ಗಟ್ಟಿ. ಹಲ್ಲಿಗೆ ಸುಲಭವಾಗಿ ಪುಡಿಯಾಗದು. ತೊಡೆಯ ಮಾಂಸ ಕಪ್ಪು ಛಾಯೆಯದು, ಸಾರಿನ ಮೇಲೆ ಹಳದಿ ಜಿಡ್ಡು ತೇಲುತ್ತದೆ. ಮೂಳೆಯಿಂದ ಮಾಂಸ ತಾನಾಗಿ ಜಾರುತ್ತಿದ್ದರೆ ಅದು ಫಾರಂ ಕೋಳಿ.

ಮೀನಿಗೆ ದಿನ ನೋಡಿ ಹೋಗಬೇಕು. ಶಿವಮೊಗ್ಗಕ್ಕೆ ಸಮುದ್ರದ ಮೀನು ಘಟ್ಟ ಹತ್ತಿ ಬರುವುದರಿಂದ ಕೌಂಟರಿನಲ್ಲಿ ‘ಇವತ್ತು ಗಾಡಿ ಬಂತಾ?’ ಎಂದು ಕೇಳುವುದು ಮೊದಲ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ 61 ದಿನ ಅಂಜಲ್ ತವಾ ಫ್ರೈ ಧಾರಾಳವಾಗಿ ಸಿಗುತ್ತಿದ್ದರೆ ಅದು ಐಸಿನಲ್ಲಿದ್ದದ್ದೋ ಬೇರೆ ಕಡೆಯಿಂದ ಬಂದದ್ದೋ ಆಗಿರುತ್ತದೆ. ಆಗ ಕಾಟ್ಲಾ, ರೋಹುವಿನಂಥ ಸಿಹಿನೀರಿನ ಮೀನು ಕೇಳುವುದು ಜಾಣತನ. ಹುರಿದ ಮೇಲೆ ಕಿವಿರು ನೋಡಲಾಗದು, ಆದರೆ ಮಾಂಸ ಪದರ ಪದರವಾಗಿ ಬಿಡಿಸಿಕೊಳ್ಳಬೇಕು. ಹಿಟ್ಟಿನಂತೆ ಹಿಸುಕಿಹೋದರೆ ಹಳತು, ಇಲ್ಲವೇ ಸರಿಯಾಗಿ ಕರಗಿಸದ ಐಸ್ ಮೀನು.

9. ನೀರು, ಎಣ್ಣೆ, ಬಣ್ಣ, ಲೈಸೆನ್ಸ್

ಮಳೆಗಾಲದಲ್ಲಿ ಬಿಸಿನೀರು ಕೇಳಿ. ಮಲೆನಾಡಿನ ಹೋಟೆಲುಗಳಲ್ಲಿ ಕೇಳಿದರೆ ಕೊಡುತ್ತಾರೆ. ಬಿಸಿನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಕೊಟ್ಟದ್ದು ಕುದಿಸಿದ ನೀರಲ್ಲ. ಕಾಮಾಲೆ, ಟೈಫಾಯ್ಡ್ ಬರುವ ದಾರಿ ಅದು.

ಬಜ್ಜಿ ಬಾಣಲೆಯಲ್ಲಿ ಏಳುವ ನೊರೆ ಇಳಿಯದೆ ನಿಂತೇ ಇದ್ದರೆ, ಎಣ್ಣೆ ಕಪ್ಪಾಗಿ ದಪ್ಪಗೆ ಇಳಿಯುತ್ತಿದ್ದರೆ ಅದು ಎಷ್ಟೋ ಸಲ ಕಾದದ್ದು. ಹೀಗೆ ಮತ್ತೆ ಮತ್ತೆ ಕಾದಾಗ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ 25 ಮೀರಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ 2024ರ ಮಾರ್ಚ್‌ನಲ್ಲಿ, ಕಬಾಬಿಗೆ ಹಾಕುವುದನ್ನು ಅದೇ ವರ್ಷ ಜೂನ್‌ನಲ್ಲಿ ನಿಷೇಧಿಸಿತು. ತಿಂದು ಕೈ ತೊಳೆದ ಮೇಲೂ ಬೆರಳು ಕೆಂಪಗಿದ್ದರೆ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ತಪ್ಪು ಹಾಕಬೇಡಿ.

ಗೋಡೆಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ಇರಬೇಕು: 14 ಅಂಕಿ, 1ರಿಂದ ಶುರುವಾದರೆ ಲೈಸೆನ್ಸ್, 2ರಿಂದಾದರೆ ಸಣ್ಣ ವ್ಯಾಪಾರದ ನೋಂದಣಿ. ಆ ಪ್ರಾಧಿಕಾರದ ಫಾಸ್‌ಕಾಸ್ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿಗಿದೆ, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ನಂಬರ್ ಇದ್ದ ಮಾತ್ರಕ್ಕೆ ಸಾರು ರುಚಿಯಾಗದು, ಅದು ಬೇರೆ ಮಾತು.

10. ಪಾರ್ಸೆಲ್ ಮತ್ತು ಆ್ಯಪ್

ಸ್ವಿಗ್ಗಿ, ಜೊಮ್ಯಾಟೊ ಶಿವಮೊಗ್ಗದಲ್ಲಿವೆ, ಆದರೆ ಪೇಟೆಯಿಂದ ದೂರ ಹೋದಷ್ಟೂ ಪಟ್ಟಿ ಸಣ್ಣದಾಗುತ್ತದೆ, ರಾತ್ರಿ ಇನ್ನೂ ಸಣ್ಣದು. ಆ್ಯಪಿನಲ್ಲಿ ಮೂರು ಹೆಸರಿದ್ದರೂ ವಿಳಾಸ ಒಂದೇ ಇದ್ದರೆ ಅಡುಗೆಮನೆ ಒಂದೇ. ದೋಸೆ ಹತ್ತು ನಿಮಿಷಕ್ಕೇ ತನ್ನ ಹಬೆಯಲ್ಲಿ ತಾನೇ ನೆನೆಯುತ್ತದೆ, ದೂರಕ್ಕೆ ತರಿಸಬೇಡಿ. ಇಡ್ಲಿ, ಪುಳಿಯೋಗರೆ, ಪರೋಟಾ ಪಯಣ ತಡೆಯುತ್ತವೆ. ಸಾಂಬಾರಿಗೆ ಮನೆಯಿಂದಲೇ ಡಬ್ಬಿ ಒಯ್ಯಿರಿ. ಕುದಿಯುವ ಸಾರನ್ನು ತೆಳು ಪ್ಲಾಸ್ಟಿಕ್‌ ಚೀಲಕ್ಕೆ ಸುರಿಸಿಕೊಂಡು ಬರುವುದಕ್ಕಿಂತ ಅದು ಮೇಲು. ಡಬ್ಬಿ ಒಯ್ದವರಿಗೆ ಒಂದು ಸೌಟು ಜಾಸ್ತಿ ಬೀಳುವುದೂ ಉಂಟು.

11. ಮೂರು ಸಲ ಹೋಗಿ, ಆಮೇಲೆ ಬರೆದಿಡಿ

ಒಂದು ಸಲ ವಾರದ ದಿನ ಬೆಳಿಗ್ಗೆ, ಒಂದು ಸಲ ಭಾನುವಾರ ಮಧ್ಯಾಹ್ನ, ಒಂದು ಸಲ ಮಳೆ ಹೊಯ್ಯುವ ಸಂಜೆ. ಮೂರರಲ್ಲಿ ಎರಡು ಸಲ ಒಂದೇ ಪದಾರ್ಥ ಒಂದೇ ರುಚಿ ಕೊಟ್ಟರೆ ಆ ಪದಾರ್ಥದ ಹೆಸರನ್ನು ಪಟ್ಟಿಗೆ ಸೇರಿಸಿ. ಹೋಟೆಲಿನ ಹೆಸರು ಅದರ ಪಕ್ಕಕ್ಕೆ ಬರಲಿ. ಹೀಗೆ:

ಇಡ್ಲಿ: ಆಲ್ಕೊಳ ಸರ್ಕಲ್ ಹತ್ತಿರದ ಕ್ಯಾಂಟೀನ್, 8ರೊಳಗೆ, ಮಂಗಳವಾರ ರಜೆ, ನಗದು ಮಾತ್ರ.
ಜೋಳದ ರೊಟ್ಟಿ: ಹೊನ್ನಾಳಿ ರಸ್ತೆ ಖಾನಾವಳಿ, 1ರಿಂದ 2, ಎಣ್ಣೆಗಾಯಿ ಬೇಗ ಖಾಲಿ.
ಕಡುಬು, ಕೋಳಿ ಸಾರು: ಗಾಜನೂರು ಕಡೆ, ಹಿಂದಿನ ದಿನ ಫೋನ್, ನಾಲ್ಕು ಜನಕ್ಕೆ ಕಡಿಮೆ ಇಲ್ಲ.

ನಗದು ಎಂದು ಬರೆದದ್ದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಸ್ಕ್ಯಾನ್ ಮಾಡಿ ಚಕ್ರ ತಿರುಗುವುದನ್ನು ನೋಡುತ್ತ ಕೂರುವ ಬದಲು ಚಿಲ್ಲರೆ ಸಮೇತ ಇನ್ನೂರು ಮುನ್ನೂರು ರೂಪಾಯಿ ಇಟ್ಟುಕೊಳ್ಳಿ. ಗಾಜನೂರು ದಾಟಿ ಮಂಡಗದ್ದೆ, ತೀರ್ಥಹಳ್ಳಿ ಕಡೆ ಹೋಗುವುದಿದ್ದರೆ ಮ್ಯಾಪನ್ನು ಮೊದಲೇ ಇಳಿಸಿಕೊಂಡು, ರಾತ್ರಿಯ ಊಟವನ್ನು ಎಂಟೂವರೆಯೊಳಗೆ ಮುಗಿಸುವ ಲೆಕ್ಕ ಹಾಕಿ. ಅದರಾಚೆ ದಾರಿಯಲ್ಲಿ ತೆರೆದಿರುವುದು ಹೆಚ್ಚಾಗಿ ಬಾರ್‌ಗಳು ಮಾತ್ರ.

ಪಟ್ಟಿಯನ್ನು ಆರು ತಿಂಗಳಿಗೊಮ್ಮೆ, ಮುಖ್ಯವಾಗಿ ಮಳೆಗಾಲ ಕಳೆದ ಮೇಲೆ, ತಿದ್ದಿ. ಇಡ್ಲಿ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಪಟ್ಟಿಯಿಂದ ಹೊಡೆದುಹಾಕುವ ಮೊದಲು ಕೌಂಟರಿನಲ್ಲಿ ‘ಯಜಮಾನ್ರೇ, ಭಟ್ರು ಊರಿಗೆ ಹೋಗಿದಾರಾ?’ ಎಂದು ಕೇಳಿ. ಹೌದೆಂದರೆ ಎಂದು ವಾಪಸು ಬರುತ್ತಾರೆಂದು ತಿಳಿದುಕೊಂಡು ಆ ತಾರೀಖು ಬರೆದಿಡಿ.